ರಿಪೋರ್ಟು ನಾರ್ಮಲ್, ಮುಷ್ಟಿ ಮಾತ್ರ ಕಟ್ಟುತ್ತಿಲ್ಲ

ಕೀಲುವಾತದ ಚಿಕಿತ್ಸೆಯ ವಿಷಯದಲ್ಲಿ ನಮ್ಮ ಜನರಲ್ಲೂ ಅನೇಕ ವೈದ್ಯರಲ್ಲೂ ಒಂದು ನಂಬಿಕೆ ಭದ್ರವಾಗಿ ಕೂತಿದೆ. ರಕ್ತದ ರಿಪೋರ್ಟು ಸರಿಯಾಗಿದ್ದರೆ ಕಾಯಿಲೆ ಹತೋಟಿಗೆ ಬಂದಿದೆ, ಏರಿದ್ದರೆ ಕಾಯಿಲೆಯೂ ಏರಿದೆ ಎಂಬ ನಂಬಿಕೆ. ರೋಗಿ ಹೇಳಿಕೊಳ್ಳುವ ನೋವು, ಬಿಗಿತ, ಸುಸ್ತು ಎಲ್ಲ ಬಾಯಿಮಾತು. ಲ್ಯಾಬಿನ ಅಂಕಿಯೊಂದೇ ಸಾಕ್ಷಿ. ಕೆಮ್ಮಣ್ಣುಗುಂಡಿಯ ತಪ್ಪಲಿನ ಊರಿನಿಂದ ಲಿಂಗದಹಳ್ಳಿಗೆ ಬಂದು, ತರೀಕೆರೆಯಲ್ಲಿ ಬಸ್ಸು ಬದಲಿಸಿ ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ಹೆಂಗಸು ಡಾಕ್ಟರ ಮುಂದೆ ಕೂತ ಕೂಡಲೇ ಚಾಚುವುದು ಲ್ಯಾಬಿನ ಕಾಗದವನ್ನು. ಡಾಕ್ಟರು ನೋಡುವುದೂ ಅದನ್ನೇ. “ಇಎಸ್‌ಆರ್ ಇಳಿದಿದೆಯಲ್ಲಮ್ಮ, ಇನ್ನೇನು?” ಅನ್ನುತ್ತಾರೆ. ಊದಿದ ಕೈ ಸೆರಗಿನೊಳಗೇ ಉಳಿಯುತ್ತದೆ.

ಈ ನಂಬಿಕೆ ತಪ್ಪು, ಅದರಿಂದ ಕೀಲುಗಳು ಹಾಳಾಗುತ್ತಿವೆ. ರುಮಟಾಯ್ಡ್ ಸಂಧಿವಾತದಲ್ಲಿ ಔಷಧ ಹಿಡಿದಿದೆಯೇ ಎಂದು ತಿಳಿಯಬೇಕಾದರೆ ಮೊದಲು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಆ ಕೈಕಾಲು ದಿನದ ಯಾವ ಕೆಲಸ ಮಾಡುತ್ತಿವೆ, ಯಾವುದನ್ನು ಬಿಟ್ಟುಕೊಟ್ಟಿವೆ ಎಂದು ಆಮೇಲೆ ಕೇಳಬೇಕು. ರಕ್ತಪರೀಕ್ಷೆಯ ಸರದಿ ಬರಬೇಕಾದದ್ದು ಮೂರನೆಯದಾಗಿ.

ಇಎಸ್‌ಆರ್ ಎಂದರೇನು ಎಂದು ಮೊದಲು ನೋಡೋಣ. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ಒಂದು ರೀತಿಗೆ ತಂದ ಪರೀಕ್ಷೆ ಅದು. ಉದ್ದನೆಯ ಸಪೂರ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಅಳೆಯುತ್ತಾರೆ. ಮೈಯಲ್ಲಿ ಉರಿಯೂತವಿದ್ದರೆ ಫೈಬ್ರಿನೊಜೆನ್‌ನಂಥ ಪ್ರೋಟೀನುಗಳು ಹೆಚ್ಚಿ, ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ರಕ್ತಹೀನತೆ ಇದ್ದರೂ ಬೇಗ ಇಳಿಯುತ್ತವೆ. ವಯಸ್ಸಾದರೂ, ಬಸುರಿಯಾದರೂ, ಹಲ್ಲಿನ ಬುಡದಲ್ಲಿ ಕೀವಾದರೂ ಇಳಿಯುತ್ತವೆ. ಹೆಂಗಸಿನ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಿದರೆ ಆಕೆಗೆ ಇಷ್ಟರವರೆಗೆ ಸಹಜ ಎಂಬ ಲೆಕ್ಕವೊಂದು ವೈದ್ಯರಲ್ಲಿ ಬಳಕೆಯಲ್ಲಿದೆ. ಅರವತ್ತರ ಅಜ್ಜಿಗೆ 35 ಸಹಜ. ಲ್ಯಾಬಿನ ಚೀಟಿಯಲ್ಲಿ ಮಾತ್ರ 20 ದಾಟಿದ್ದಕ್ಕೆಲ್ಲ ದಪ್ಪ ಅಕ್ಷರ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆಯಿದೆ, ಈ ಕಾಯಿಲೆ ಬರುವುದೂ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಹೆಂಗಸರಿಗೆ. ಇವೆರಡನ್ನೂ ಸೇರಿಸಿ ನೋಡಿದರೆ, ಆ ಕೊಳವೆ ಅಳೆಯುತ್ತಿರುವುದು ಕೀಲಿನ ಬಾವನ್ನೋ ಊಟದ ಕೊರತೆಯನ್ನೋ ಎಂದು ಕೇಳಲೇಬೇಕಾಗುತ್ತದೆ.

ಆರ್‌ಎ ಫ್ಯಾಕ್ಟರ್ ಎಂಬ ಇನ್ನೊಂದು ರಕ್ತಪರೀಕ್ಷೆಯ ಕಥೆ ಇನ್ನೂ ಬೇಸರದ್ದು. ರೋಗ ಯಾವುದೆಂದು ಗುರುತಿಸುವಾಗ ಅದಕ್ಕೊಂದು ಉಪಯೋಗವಿದೆ. ಚಿಕಿತ್ಸೆ ಫಲ ಕೊಟ್ಟಿದೆಯೇ ಎಂದು ಅಳೆಯಲು ಅದು ಆಗಿಬರುವುದಿಲ್ಲ. ಕಾಯಿಲೆಯಿದ್ದೂ ಅದು ನೆಗೆಟಿವ್ ಬರುವವರಿದ್ದಾರೆ, ಕಾಯಿಲೆಯೇ ಇಲ್ಲದೆ ಪಾಸಿಟಿವ್ ಬರುವವರೂ ಇದ್ದಾರೆ. ಆದರೂ ಪ್ರತಿ ಭೇಟಿಗೂ ಅದನ್ನು ಬರೆಸಿಕೊಂಡು, ಕೂಲಿಯ ದುಡ್ಡು ಲ್ಯಾಬಿಗೆ ಕೊಟ್ಟು, ನೂರಿಪ್ಪತ್ತು ಇದ್ದದ್ದು ತೊಂಬತ್ತಾಯಿತೆಂದು ಸಮಾಧಾನಪಡುವ ಕುಟುಂಬಗಳು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮಾತ್ರವಲ್ಲ, ರಾಜ್ಯದ ತುಂಬ ಇವೆ. ಆ ಇಳಿಕೆಯನ್ನು ನಂಬಿ ಮಾತ್ರೆ ನಿಲ್ಲಿಸಿದವರ ಕೈ ಆರು ತಿಂಗಳಲ್ಲಿ ಮತ್ತೆ ಊದಿಕೊಂಡರೆ ಆಶ್ಚರ್ಯವೇನಿಲ್ಲ.

“ಸರಿ, ತಜ್ಞರು ರಕ್ತದ ಅಂಕಿಯೊಂದನ್ನೇ ನೋಡುವುದಿಲ್ಲ, ಡಿಎಎಸ್ 28 ಲೆಕ್ಕ ಹಾಕುತ್ತಾರೆ” ಎಂದು ಯಾರಾದರೂ ಹೇಳಬಹುದು. ನಿಜ. ನೆದರ್ಲೆಂಡಿನ ನೈಮೇಖನ್‌ನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಈ ಅಳತೆಯನ್ನು ಜಗತ್ತೆಲ್ಲ ಬಳಸುತ್ತದೆ. ಒತ್ತಿದರೆ ನೋಯುವ ಕೀಲುಗಳು ಎಷ್ಟು, ಊದಿದವು ಎಷ್ಟು, ಇಎಸ್‌ಆರ್ ಎಷ್ಟು, ನೂರರಲ್ಲಿ ತನ್ನ ಸ್ಥಿತಿಗೆ ರೋಗಿ ಕೊಡುವ ಅಂಕ ಎಷ್ಟು ಎಂಬ ನಾಲ್ಕನ್ನು ಒಂದು ಸೂತ್ರದಲ್ಲಿ ಸೇರಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು 5.1 ದಾಟಿದರೆ ರೋಗ ಉಗ್ರ, 2.6ಕ್ಕಿಂತ ಕಡಿಮೆಯಾದರೆ ರೋಗ ಶಮನ. ಸೂತ್ರದೊಳಗೆ ಇಣುಕಿದರೆ ಮಾತ್ರ ಅಲ್ಲೂ ಅದೇ ಕೊಳವೆ ಯಜಮಾನಿಕೆ ಮಾಡುತ್ತಿರುವುದು ಕಾಣುತ್ತದೆ.

ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ. ಮೊದಲನೆಯವಳಿಗೆ ಒಂದು ಕೀಲೂ ನೋಯುವುದಿಲ್ಲ, ಒಂದೂ ಊದಿಲ್ಲ. ತನ್ನ ಸ್ಥಿತಿಗೆ ನೂರರಲ್ಲಿ ಹತ್ತು ಅಂಕ ಕೊಟ್ಟಿದ್ದಾಳೆ, ಅಂದರೆ ಬಹುಪಾಲು ಚೆನ್ನಾಗಿದ್ದಾಳೆ. ರಕ್ತ ಕಡಿಮೆಯಿರುವುದರಿಂದ ಇಎಸ್‌ಆರ್ 48. ಲೆಕ್ಕ ಹಾಕಿದರೆ ಬರುವುದು 2.85, ಶಮನದ ಗೆರೆಯ ಆಚೆ. ಎರಡನೆಯವಳಿಗೆ ನಾಲ್ಕು ಕೀಲು ಊದಿವೆ, ಒಂದು ಒತ್ತಿದರೆ ನೋಯುತ್ತದೆ. ಅವಳೂ ಹತ್ತೇ ಅಂಕ ಕೊಟ್ಟಿದ್ದಾಳೆ, ಇಎಸ್‌ಆರ್ 5. ಬರುವುದು 2.39, ರೋಗ ಶಮನ! ನಾಲ್ಕು ಊದಿದ ಕೀಲುಗಳನ್ನು ಹೊತ್ತವಳು ಗುಣವಾದವಳು, ಒಂದೂ ಊದದವಳು ರೋಗಿ. ಟೊಸಿಲಿಜುಮ್ಯಾಬ್‌ನಂಥ ಕೆಲವು ದುಬಾರಿ ಔಷಧಗಳು ಕೀಲಿನಲ್ಲಿ ಏನಾದರೂ ಆಗಲಿ, ಇಎಸ್‌ಆರ್ ಅನ್ನೂ ಉರಿಯೂತ ಅಳೆಯುವ ಇನ್ನೊಂದು ರಕ್ತಪರೀಕ್ಷೆಯಾದ ಸಿಆರ್‌ಪಿಯನ್ನೂ ನೇರವಾಗಿ ನೆಲಕ್ಕಿಳಿಸುತ್ತವೆ. ಅವುಗಳ ಮಟ್ಟಿಗೆ ಈ ಸೂತ್ರ ಇನ್ನಷ್ಟು ಉದಾರಿ.

ಇದಕ್ಕೆ ಪರಿಹಾರ 2005ರಲ್ಲೇ ಬಂದಿದೆ. ವಿಯೆನ್ನಾದ ವೈದ್ಯರು ರೂಪಿಸಿದ ಸಿಡಿಎಐ ಎಂಬ ಅಳತೆಗೆ ರಕ್ತವೇ ಬೇಡ. ನೋಯುವ ಕೀಲು, ಊದಿದ ಕೀಲು, ಹತ್ತರಲ್ಲಿ ರೋಗಿ ಕೊಡುವ ಅಂಕ, ಹತ್ತರಲ್ಲಿ ವೈದ್ಯರು ಕೊಡುವ ಅಂಕ, ಈ ನಾಲ್ಕನ್ನು ಸುಮ್ಮನೆ ಕೂಡಿದರಾಯಿತು. ಗರಿಷ್ಠ 76, 2.8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಶಮನ. ಬೆರಳು ಮಡಚಿ ಎಣಿಸಬಲ್ಲ ಯಾರೂ ಇದನ್ನು ಲೆಕ್ಕ ಹಾಕಬಹುದು. ವೈದ್ಯರ ಅಂಕ ಎರಡು ಎಂದಿಟ್ಟುಕೊಂಡರೆ ನಮ್ಮ ಎರಡನೆಯ ಹೆಂಗಸಿಗೆ ಇದರಲ್ಲಿ 8 ಬರುತ್ತದೆ, ರೋಗ ಇನ್ನೂ ಇದೆ ಎಂದು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಇಷ್ಟು ಹೊಂದುವ ಅಳತೆ ಬೇರೊಂದಿಲ್ಲ.

ಆದರೆ ಸಿಡಿಎಐ ಕೂಡ ಎಣಿಸುವುದು ಅದೇ 28 ಕೀಲುಗಳನ್ನು. ಭುಜ ಎರಡು, ಮೊಣಕೈ ಎರಡು, ಮಣಿಕಟ್ಟು ಎರಡು, ಬೆರಳ ಬುಡದ ಗಂಟು ಹತ್ತು, ನಡುವಿನ ಗಂಟು ಹತ್ತು, ಮೊಣಕಾಲು ಎರಡು. ಪಾದ ಎಲ್ಲಿ? ಇಲ್ಲ. ಹಿಮ್ಮಡಿಗಂಟೂ ಇಲ್ಲ. ಮೊದಲು ಬಂದ ಡಿಎಎಸ್‌ನಲ್ಲಿ ಊದಿದ ಕೀಲುಗಳನ್ನು 44 ಕಡೆ ಹುಡುಕುತ್ತಿದ್ದರು, ಪಾದವೂ ಅದರಲ್ಲಿತ್ತು. ಬೇಗ ಮುಗಿಯಲೆಂದು ಪಾದವನ್ನು ಕೈಬಿಟ್ಟರು. ಬೂಟು, ಕಾಲುಚೀಲ ಬಿಚ್ಚಿಸುವ ತೊಂದರೆ ತಪ್ಪಿತು, ನಿಜ. ಆದರೆ ಈ ಕಾಯಿಲೆ ಎಷ್ಟೋ ಜನರಲ್ಲಿ ಕಾಲ್ಬೆರಳ ಬುಡದಲ್ಲೇ ಶುರುವಾಗುತ್ತದೆ. ಕೀಲು ಸವೆದದ್ದನ್ನು ಎಕ್ಸ್‌ರೇಯಲ್ಲಿ ಅಳೆಯುವಾಗ ಅದೇ ಡಚ್ಚರು ಪಾದವನ್ನು ತಪ್ಪದೆ ಸೇರಿಸುತ್ತಾರೆ. ಮೂಳೆ ಹಾಳಾದ ಮೇಲೆ ಪಾದಕ್ಕೆ ಲೆಕ್ಕವುಂಟು, ಹಾಳಾಗುತ್ತಿರುವಾಗ ಇಲ್ಲ. ಗದ್ದೆಯ ಕೆಸರಿನಲ್ಲಿ, ತೋಟದ ಇಳಿಜಾರಿನಲ್ಲಿ, ಕೆಮ್ಮಣ್ಣುಗುಂಡಿಯ ಉದ್ಯಾನದ ಒದ್ದೆ ಹುಲ್ಲಿನಲ್ಲಿ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ದಿನ ಕಳೆಯುವವರಿಗೆ ಈ ಲೆಕ್ಕ ಸಾಲದು. “ಕಲ್ಲು ತುಳಿದಂಗೆ ಆಗ್ತೈತೆ ಸಾರ್” ಎಂದು ಅವರು ಹೇಳುವ ಮಾತನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಜಾಗವೇ ಇಲ್ಲ.

ಎಷ್ಟು ವಾಸಿಯಾಗಿದೆ ಎಂದು ಕೇಳಿದರೆ ನಮ್ಮ ಹಿರಿಯರು ಇವತ್ತಿಗೂ ಆಣೆಯಲ್ಲಿ ಉತ್ತರ ಕೊಡುತ್ತಾರೆ. “ರೂಪಾಯಿಗೆ ಎಂಟಾಣೆ ವಾಸಿ.” “ಹನ್ನೆರಡಾಣೆ ಗುಣ ಐತೆ, ಇನ್ನು ನಾಲ್ಕಾಣೆ ಉಳ್ಕಂಡದೆ.” ಕಾಗದದ ಮೇಲೆ ಹತ್ತು ಸೆಂಟಿಮೀಟರ್ ಗೆರೆ ಎಳೆದು, ನೋವಿದ್ದಷ್ಟು ದೂರಕ್ಕೆ ಗುರುತು ಹಾಕಿ ಎಂದರೆ ತಬ್ಬಿಬ್ಬಾಗುವವರೂ ಆಣೆಯಲ್ಲಿ ಕೇಳಿದರೆ ಕ್ಷಣದಲ್ಲಿ ಹೇಳುತ್ತಾರೆ. ಇದನ್ನು ಹಳ್ಳಿಯವರ ಉಡಾಫೆ ಎಂದು ತಳ್ಳಿಹಾಕುವ ವಿದ್ಯಾವಂತರು ಔಷಧ ಕಂಪನಿಗಳು ಯಾವ ಅಳತೆಯಲ್ಲಿ ಪಾಸಾಗುತ್ತವೆ ಎಂದು ನೋಡಬೇಕು. 1995ರಿಂದ ಹೊಸ ಔಷಧಗಳ ಪ್ರಯೋಗಗಳಲ್ಲಿ ಮುಖ್ಯ ಅಳತೆ ಎಸಿಆರ್ 20. ನೋಯುವ ಕೀಲುಗಳು ಮತ್ತು ಊದಿದ ಕೀಲುಗಳು ತಲಾ ಶೇ. 20ರಷ್ಟು ಕಡಿಮೆಯಾಗಬೇಕು, ಜೊತೆಗೆ ಇನ್ನೈದು ಅಂಶಗಳಲ್ಲಿ ಮೂರಾದರೂ ಅಷ್ಟೇ ಸುಧಾರಿಸಬೇಕು. ಶೇ. 20 ಎಂದರೆ ನಮ್ಮ ಲೆಕ್ಕದಲ್ಲಿ ಮೂರಾಣೆ ಚಿಲ್ಲರೆ. ಇಪ್ಪತ್ತು ಕೀಲು ಊದಿದ್ದವಳಿಗೆ ಹದಿನಾರು ಉಳಿದರೂ ಆ ಮಟ್ಟಿಗೆ ಔಷಧ ಗೆದ್ದಂತೆ. ಹೊಸ ಔಷಧಕ್ಕೆ ಏನಾದರೂ ಗುಣವಿದೆಯೇ ಎಂದು ತಿಳಿಯಲು ಈ ಅಳತೆ ಸಾಕು. ಕಾಯಿಲೆಯವಳ ಬದುಕಿಗೆ ಸಾಲದು. ಆಣೆಯಲ್ಲೂ ಇದೇ ಕೊರತೆಯಿದೆ: ಎಷ್ಟು ಇಳಿದಿದೆ ಎಂದು ಹೇಳುತ್ತದೆ, ಎಷ್ಟು ಉಳಿದಿದೆ ಎಂದು ತಾನಾಗಿ ಹೇಳುವುದಿಲ್ಲ. ಹಾಗಾಗಿ “ಎಷ್ಟಾಣೆ ವಾಸಿ?” ಎಂದು ಕೇಳಿ ಸುಮ್ಮನಾಗದೆ “ಈಗ ಏನು ಮಾಡಕ್ಕಾಗಲ್ಲ?” ಎಂದೂ ಕೇಳಬೇಕು.

ಎರಡನೆಯ ಪ್ರಶ್ನೆಗೆ ಜಗತ್ತಿನಲ್ಲಿ ಪ್ರಸಿದ್ಧವಾದ ಪ್ರಶ್ನಾವಳಿಯೊಂದಿದೆ. ಸ್ಟ್ಯಾನ್‌ಫರ್ಡಿನ ಜೇಮ್ಸ್ ಫ್ರೈಸ್ 1980ರಲ್ಲಿ ಪ್ರಕಟಿಸಿದ ಎಚ್‌ಎಕ್ಯೂ. ಮಾಂಸ ಕತ್ತರಿಸಿಕೊಳ್ಳಬಲ್ಲಿರಾ, ಹಾಲಿನ ಹೊಸ ಡಬ್ಬಿ ತೆರೆಯಬಲ್ಲಿರಾ, ಸ್ನಾನದ ತೊಟ್ಟಿಗೆ ಇಳಿಯಬಲ್ಲಿರಾ, ಕಾರಿನ ಬಾಗಿಲು ತೆಗೆಯಬಲ್ಲಿರಾ ಎಂದು ಕೇಳುವ ಪ್ರಶ್ನಾವಳಿ. ದೆಹಲಿಯ ವೈದ್ಯರು 2002ರಲ್ಲಿ ಅದನ್ನು ಭಾರತಕ್ಕೆ ಹೊಂದಿಸಿ ಹನ್ನೆರಡು ಪ್ರಶ್ನೆಗೆ ಇಳಿಸಿದರು. ಪಾಯಿಖಾನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಸೀರೆ ಉಡುವುದು, ಆಟೋ ಹತ್ತಿ ಇಳಿಯುವುದು ಅದರೊಳಗೆ ಬಂದವು. ಬಹಳ ಒಳ್ಳೆಯ ಕೆಲಸ. ಆದರೆ ನಮ್ಮ ಈ ಮೂರು ತಾಲ್ಲೂಕಿನೊಳಗೇ ಕೈಯ ಕೆಲಸ ಎರಡು ಬಗೆ. ಅಜ್ಜಂಪುರ, ಕಡೂರಿನ ಬಯಲಿನಲ್ಲಿ ಮುದ್ದೆ ತಿರುವಲು ಆಗುತ್ತದೆಯೇ ಎಂಬುದು ಹೆಂಗಸಿನ ಮಣಿಕಟ್ಟಿಗೆ ನಿಜವಾದ ಪರೀಕ್ಷೆ. ಮಲೆನಾಡಿನ ಅಂಚಿನಲ್ಲಿ ಅಕ್ಕಿರೊಟ್ಟಿ ತಟ್ಟುವುದು, ಒದ್ದೆ ಕಂಬಳಿ ಹಿಂಡುವುದು, ಹಸು ಕರೆಯುವುದು. ಈ ಪ್ರಶ್ನೆಗಳನ್ನು ಊರಿನವರನ್ನೇ ಕೂರಿಸಿಕೊಂಡು ಬರೆಯಬೇಕು.

ಇನ್ನೊಂದು ಸಾಕ್ಷಿ ನಮ್ಮಲ್ಲಿದೆ, ಅದನ್ನು ವೈದ್ಯರು ಬಳಸಿಕೊಳ್ಳುತ್ತಿಲ್ಲವೆಂಬುದು ನನ್ನ ದೊಡ್ಡ ದೂರು. ಅಡಿಕೆ ಸುಲಿತಕ್ಕೆ ಕೂರುವ ಹೆಂಗಸಿಗೆ ಸುಲಿದಷ್ಟಕ್ಕೆ ಕೂಲಿ. ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿಕೊಂಡು, ಕಾಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಅಲಗಿಗೆ ಒತ್ತಿ ಸಿಪ್ಪೆ ಸೀಳಿ, ಮಣಿಕಟ್ಟು ತಿರುವಿ ಬೇಳೆ ಬಿಡಿಸಬೇಕು. ಈ ಕಾಯಿಲೆ ಮೊದಲು ಹಿಡಿಯುವ ಕೀಲುಗಳೆಲ್ಲ ಆ ಒಂದು ಕೆಲಸದಲ್ಲಿ ದುಡಿಯುತ್ತವೆ. ಆಕೆ ದಿನಕ್ಕೆ ಎಷ್ಟು ಸುಲಿದಳೆಂದು ತೋಟದ ಮನೆಯ ಪುಸ್ತಕದಲ್ಲಿ ಬರೆದಿರುತ್ತದೆ. ಕಾಫಿ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಯ್ಯುವವರಿಗೂ ಹಾಗೆಯೇ. ಹೋದ ವರ್ಷ ಎಷ್ಟಾಗುತ್ತಿತ್ತು, ಮದ್ದು ಶುರುವಾದ ಮೇಲೆ ಎಷ್ಟಾಯಿತು ಎಂಬುದು ಯಾವ ಪ್ರಶ್ನಾವಳಿಗೂ ಕಡಿಮೆಯಿಲ್ಲದ ಅಳತೆ. ಫಸಲು ಕಡಿಮೆಯಾದ ವರ್ಷ ಅದು ತಪ್ಪು ಹೇಳಬಹುದು, ಹೊಟ್ಟೆಪಾಡಿಗೆ ನೋವು ನುಂಗಿ ದುಡಿದವಳ ವಿಷಯದಲ್ಲೂ ತಪ್ಪಬಹುದು. ಅಷ್ಟಕ್ಕೆ ಅದನ್ನು ಬಿಸಾಡಬೇಕಿಲ್ಲ. ಇಎಸ್‌ಆರ್ ಅದಕ್ಕಿಂತ ಹೆಚ್ಚು ತಪ್ಪುತ್ತದೆ. ಕಾಫಿ ತೋಟದವರು ಅಂಗಳದಲ್ಲಿ ಮಳೆಮಾಪಕ ಇಟ್ಟು ಪ್ರತಿದಿನದ ಮಳೆಯನ್ನು ಅಜ್ಜನ ಕಾಲದಿಂದ ಬರೆದಿಡುತ್ತಾರೆ, ಯಾಕೆಂದರೆ ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಸಾಲಾಗಿ ನೋಡಿದರೆ ತಿಳಿಯುತ್ತದೆ. ಕೀಲಿನ ಲೆಕ್ಕಕ್ಕೂ ಅದೇ ಶ್ರದ್ಧೆ ಬೇಕು.

ಮಳೆಯ ಮಾತು ಬಂದದ್ದರಿಂದ ಇನ್ನೊಂದು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಜೂನ್ ಬಂತೆಂದರೆ ಮಂಜು, ಜಡಿಮಳೆ. ಥಂಡಿಗೆ ವಾತ ಏರುತ್ತದೆ, ಮಳೆಗಾಲ ಕಳೆಯಲಿ ಎನ್ನುತ್ತಾರೆ. ಥಂಡಿಯಲ್ಲಿ ಬಿಗಿತ ಹೆಚ್ಚೆಂದು ಹೇಳುವ ರೋಗಿಗಳು ಬಹಳ, ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಬಿಸಿಲಿನ ಕಡೂರಿನಲ್ಲೂ ಈ ಕಾಯಿಲೆ ಇದೆ. ಮೂಳೆಯ ಸವೆತ ಹೆಚ್ಚಿನವರಲ್ಲಿ ಮೊದಲ ಎರಡು ವರ್ಷಗಳಲ್ಲೇ ಶುರುವಾಗುತ್ತದೆ, ದೀಪಾವಳಿಯವರೆಗೆ ಕಾಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಹೊತ್ತಿನ ವಿಷಯ. ಬೆಳಗಿನ ಮೊದಲ ಬಸ್ಸಿಗೆ ಹೊರಟವಳು ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ಅಷ್ಟರಲ್ಲಿ ಬೆರಳು ಸಡಿಲವಾಗಿರುತ್ತವೆ. ಆರು ಗಂಟೆಗೆ ಲೋಟ ಹಿಡಿಯಲಾರದ ಕೈಯನ್ನು ಯಾವ ಡಾಕ್ಟರೂ ಕಂಡಿರುವುದಿಲ್ಲ. ಆ ಕೈಯ ಬಗ್ಗೆ ಇರುವ ಏಕೈಕ ಸಾಕ್ಷಿ ಅವಳ ಮಾತು.

ಬಾಯಿಮಾತನ್ನು ನಂಬಬಾರದು ಎನ್ನುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನೋವಿನ ಮಾತೊಂದನ್ನೇ ಅಳತೆ ಮಾಡಿಕೊಂಡರೆ ಗೆಲ್ಲುವುದು ಸ್ಟೀರಾಯ್ಡ್ ಸೂಜಿ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲೂ ಎಷ್ಟೋ ಸಲ ಇರುವುದು ಅದೇ. ಮೂರೇ ದಿನದಲ್ಲಿ ಹದಿನಾಲ್ಕಾಣೆ ಗುಣ. ಮುಂದೆ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗಿ, ಕಣ್ಣಿಗೆ ಪೊರೆ ಬರುತ್ತದೆ. ಆದರೆ ಸ್ಟೀರಾಯ್ಡ್ ಇಎಸ್‌ಆರ್ ಅನ್ನೂ ಅಷ್ಟೇ ಚೆನ್ನಾಗಿ ಇಳಿಸುತ್ತದೆ ಎಂಬುದನ್ನು ಈ ವಾದಿಗಳು ಮರೆಯುತ್ತಾರೆ. ಮೋಸ ಹೋಗುವುದರಲ್ಲಿ ಲ್ಯಾಬಿಗೂ ರೋಗಿಗೂ ವ್ಯತ್ಯಾಸವಿಲ್ಲ. ಕೈಕಾಲಿನ ಕೆಲಸವನ್ನು ವರ್ಷಗಟ್ಟಲೆ ಹಿಂಬಾಲಿಸುವ ಲೆಕ್ಕವೊಂದೇ ಆ ಮೋಸವನ್ನು ಬಯಲಿಗೆಳೆಯುತ್ತದೆ.

ನೋವಿನಲ್ಲಿ ಕಾಯಿಲೆಯ ಪಾಲು ಎಷ್ಟು, ದುಃಖದ ಪಾಲು ಎಷ್ಟು, ಸವೆದ ಮಂಡಿಯ ಪಾಲು ಎಷ್ಟು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಮೆರಿಕ ಮತ್ತು ಯುರೋಪಿನ ತಜ್ಞ ಸಂಘಗಳು 2011ರಲ್ಲಿ ರೋಗಶಮನಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿ, ರೋಗಿಯ ಅಂಕ ಹತ್ತರಲ್ಲಿ ಒಂದನ್ನು ಮೀರಬಾರದು ಎಂದವು. 2022ರಲ್ಲಿ ಅದನ್ನು ಎರಡಕ್ಕೆ ಸಡಿಲಿಸಿದವು. ಯಾಕೆಂದರೆ ಬಾವು ಇಳಿದರೂ ರೋಗಿಗಳು ಪೂರ್ತಿ ಚೆನ್ನಾಗಿದ್ದೇವೆ ಎನ್ನುತ್ತಿರಲಿಲ್ಲ. ಬಾವಿಲ್ಲದ ನೋವಿಗೆ ಮೆಥೊಟ್ರೆಕ್ಸೇಟ್‌ನಂಥ ಔಷಧ ಏರಿಸುವುದು ತಪ್ಪು, ಒಪ್ಪಿದೆ. ನಿನಗೇನೂ ಇಲ್ಲ ಎಂದು ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಈ ರೋಗದಲ್ಲಿ ಏನನ್ನು ಅಳೆಯಬೇಕೆಂದು ಚರ್ಚಿಸುವ ಓಮರ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಬಳಗ ಹತ್ತು ವರ್ಷ ತಜ್ಞರನ್ನಷ್ಟೇ ಕೂರಿಸಿಕೊಂಡಿತ್ತು. 2002ರಲ್ಲಿ ರೋಗಿಗಳನ್ನೂ ಕರೆದಾಗ ಅವರು ಎತ್ತಿದ ಮಾತು ಸುಸ್ತು. ಅಲ್ಲಿಯವರೆಗೆ ಅದು ಮುಖ್ಯ ಅಳತೆಗಳ ಪಟ್ಟಿಯಲ್ಲೇ ಇರಲಿಲ್ಲ. ಬೆನ್ನುಮೂಳೆಯ ಕೀಲು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಂತೂ ಇಎಸ್‌ಆರ್, ಸಿಆರ್‌ಪಿ ಸಹಜವಾಗಿರುವ ರೋಗಿಗಳೇ ಎಷ್ಟೋ ಜನ. ಅದಕ್ಕೆಂದೇ ಇಂಗ್ಲೆಂಡಿನ ಬಾತ್ ನಗರದಲ್ಲಿ 1994ರಲ್ಲಿ ರೂಪಿಸಿದ ಅಳತೆಯಲ್ಲಿ ಇರುವುದು ಆರು ಪ್ರಶ್ನೆ ಮಾತ್ರ, ಮೊದಲನೆಯದೇ ಸುಸ್ತಿನದು. ದುಬಾರಿ ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂದು ಜಗತ್ತಿನ ದೊಡ್ಡ ಆಸ್ಪತ್ರೆಗಳು ಆ ಬಾಯಿಮಾತಿನ ಆಧಾರದ ಮೇಲೆಯೇ ತೀರ್ಮಾನಿಸುತ್ತ ಬಂದಿವೆ.

ಬರೆದುಕೊಳ್ಳಲು ಕಾಲಂ ಇಲ್ಲದ್ದು ನಮ್ಮ ಸರ್ಕಾರಿ ಪುಸ್ತಕಗಳಿಂದ ಹೇಗೆ ಕಾಣೆಯಾಗುತ್ತದೆ ಎನ್ನುವುದಕ್ಕೆ 2006 ಸಾಕು. ಆ ವರ್ಷ ಕರ್ನಾಟಕದಲ್ಲಿ ಸುಮಾರು ಏಳೂವರೆ ಲಕ್ಷ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಎಣಿಸಿದ್ದು ಜ್ವರವನ್ನು. ಜ್ವರ ಬಿಟ್ಟ ಮೇಲೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದ ಕೀಲುನೋವಿಗೆ ಅಂಥ ಲೆಕ್ಕವೊಂದು ಇಲ್ಲ. ಲ್ಯಾಬಿನ ಅಂಕಿಗೆ ಸಿಗದ ಕಾಯಿಲೆಯೂ ನಮ್ಮ ನೆರೆಯಲ್ಲೇ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು, ಶಿವಮೊಗ್ಗ ಚಿಕ್ಕಮಗಳೂರು ಜಿಲ್ಲೆಗಳ ದಲಿತ ಕುಟುಂಬಗಳನ್ನು ಸೊಂಟದಿಂದ ಕೆಳಗೆ ನೆಲಕ್ಕೆ ಕೆಡವಿದ ಹಂದಿಗೋಡು ಕಾಯಿಲೆ ಉರಿಯೂತದ್ದಲ್ಲ, ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ. ತೆವಳಿಕೊಂಡು ಬಂದವರ ರಕ್ತದಲ್ಲಿ ಉರಿಯೂತ ಹುಡುಕುವ ಇಎಸ್‌ಆರ್ ಏನನ್ನು ತಾನೇ ಹೇಳೀತು? ಎಷ್ಟು ಹೆಜ್ಜೆ ನಡೆಯಬಲ್ಲರು ಎಂಬುದೇ ಅಲ್ಲಿ ಸರಿಯಾದ ಅಳತೆ.

ಕೀಲು ಎಣಿಸುತ್ತ ಕೂರಲು ನಮ್ಮ ಡಾಕ್ಟರಿಗೆ ಪುರುಸೊತ್ತೆಲ್ಲಿ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಗ್ಲಾಸ್ಗೊದ ಟಿಕೋರಾ ಅಧ್ಯಯನ 2004ರಲ್ಲಿ ಅದಕ್ಕೆ ಉತ್ತರ ಕೊಟ್ಟಿದೆ. ಒಂದು ಗುಂಪಿನವರಿಗೆ ಎಂದಿನಂತೆ ಚಿಕಿತ್ಸೆ. ಇನ್ನೊಂದು ಗುಂಪಿನವರನ್ನು ತಿಂಗಳಿಗೊಮ್ಮೆ ಕರೆದು, ಕೀಲು ಎಣಿಸಿ, ಅಂಕ ಇಳಿಯದಿದ್ದರೆ ಔಷಧ ಏರಿಸುತ್ತ ಹೋದರು. ಔಷಧಗಳು ನಮ್ಮ ಊರಿನ ಅಂಗಡಿಯಲ್ಲೂ ಸಿಗುವಂಥವೇ: ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೊರೊಕ್ವಿನ್. ಒಂದೂವರೆ ವರ್ಷದ ಮೇಲೆ ಮೊದಲ ಗುಂಪಿನಲ್ಲಿ ಶೇ. 16ರಷ್ಟು ಜನರ ರೋಗ ಶಮನವಾಗಿತ್ತು, ಎರಡನೆಯ ಗುಂಪಿನಲ್ಲಿ ಶೇ. 65ರಷ್ಟು. ಆ ವ್ಯತ್ಯಾಸ ತಂದದ್ದು ಬಿಡದೆ ಅಳೆದದ್ದು, ಅಳೆದದ್ದಕ್ಕೆ ತಕ್ಕಂತೆ ಔಷಧ ಬದಲಿಸಿದ್ದು. 28 ಕೀಲು ಒತ್ತಲು ಕೆಲವೇ ನಿಮಿಷ ಸಾಕು. ತರಬೇತಾದ ನರ್ಸಮ್ಮನೂ ಮಾಡಬಹುದು.

ಕಡೂರು, ತರೀಕೆರೆ, ಅಜ್ಜಂಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆಗೆ ಇರುವಂತೆ ಕೀಲಿಗೂ ಒಂದು ಕಾರ್ಡು ಬೇಕು. 28 ಕೀಲುಗಳ ಚಿತ್ರ, ಅದರ ಕೆಳಗೆ ಎರಡು ಪಾದ, ಎಷ್ಟಾಣೆ ವಾಸಿ ಎಂಬ ಸಾಲು, ಯಾವ ಕೆಲಸ ಆಗುತ್ತಿಲ್ಲ ಎಂಬ ಸಾಲು. ಆರೋಗ್ಯ ಇಲಾಖೆ ಇದನ್ನು ಅಚ್ಚು ಹಾಕಿಸುವವರೆಗೆ ನೀವೇ ಒಂದು ನೋಟ್‌ಪುಸ್ತಕದಲ್ಲಿ ಶುರುಮಾಡಿ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ರಿಪೋರ್ಟು ಕೊಡುವ ಮೊದಲು ಎರಡೂ ಕೈ ಮೇಜಿನ ಮೇಲಿಡಿ, ಚಪ್ಪಲಿ ಬಿಚ್ಚಿ ಕಾಲು ತೋರಿಸಿ, ಒತ್ತಿ ನೋಡಿ ಎಂದು ಕೇಳಿ.